ರಸಮಟ್ಟ

ಮೊಳೆ ಹೊಡೆಯುವುದು ನನ್ನ ಕಸುಬು.
ಮೊದಲು ಮೀನುದೋಣಿಗೆ, ಆಮೇಲೆ ಶವಪೆಟ್ಟಿಗೆಗೆ,
ಹನ್ನೊಂದು ವರ್ಷದಿಂದ ಚಿತ್ರಗಳಿಗೆ.
ವಾಲ್ಪರಾಯಿಸೊ ಬಂದರಿನ ಹಳೇ ಸುಂಕದ ಗೋದಾಮು,
ತೊಲೆಗಳಲ್ಲಿನ್ನೂ ಕಾಫಿ ಮೂಟೆಯ ವಾಸನೆ;
ಅಲ್ಲಿ ರಯೆನ್ ಬೆರಳಿಟ್ಟಲ್ಲಿ ನಾನು ಸುತ್ತಿಗೆ ಇಡುತ್ತೇನೆ.

ಈ ಸಲದ ಪ್ರದರ್ಶನಕ್ಕೆ ಅವಳಿಟ್ಟ ಹೆಸರು
‘ಊಟಕ್ಕೆ ಮುಂಚಿನ ಮಾತು’.
ದೇವರೂ ಇರಬೇಕಂತೆ, ಸರ್ಕಾರವೂ ಇರಬೇಕಂತೆ,
ಒಂದೇ ಕೋಣೆಯಲ್ಲಿ,
ಒಬ್ಬರ ಉಸಿರು ಒಬ್ಬರಿಗೆ ತಾಕುವಷ್ಟು ಹತ್ತಿರ.

ಒಬ್ಬ ಮತಪೆಟ್ಟಿಗೆಗಳ ಹಲಗೆ ಕಿತ್ತು
ಪಾಪ ಒಪ್ಪಿಕೊಳ್ಳುವ ಗೂಡು ಕಟ್ಟಿ ತಂದ.
ಒಬ್ಬಳು ಮುಷ್ಕರದ ಬ್ಯಾನರನ್ನು ಪೂಜಾಪೀಠದ ಹಾಸು ಮಾಡಿದಳು,
ಘೋಷಣೆ ಮಡಿಕೆಯೊಳಗೆ ಹೋಗಿ
‘ನಮಗೆ ಬೇಕು’ ಎಂಬಷ್ಟೇ ಹೊರಗುಳಿದಿದೆ.
ಇನ್ನೊಬ್ಬ ಕಳಿಸಿದ್ದು ಒಂದು ಲೋಟ ನೀರು.
ಅದಕ್ಕೂ ವಿಮೆ!
ಆವಿಯಾದಷ್ಟನ್ನು ದಿನಾ ನಾನೇ ತುಂಬುತ್ತೇನೆ, ನಲ್ಲಿಯಿಂದ.
ಯಾರಿಗೂ ಹೇಳಿಲ್ಲ.

ಚಿತ್ರದ ನಡು ನೆಲದಿಂದ ನೂರೈವತ್ತೈದು ಸೆಂಟಿಮೀಟರು.
ಕಣ್ಣಿನ ಎತ್ತರವಂತೆ ಅದು.
ಯಾರ ಕಣ್ಣು, ನಾನು ಕೇಳಿರಲಿಲ್ಲ.
ರಸಮಟ್ಟದ ಗುಳ್ಳೆ ನಟ್ಟನಡುವೆ ನಿಂತರೆ ಸಾಕು,
ನನ್ನ ಧರ್ಮ ಮುಗಿಯಿತು.

ಉದ್ಘಾಟನೆಯ ಹಿಂದಿನ ಸಂಜೆ ಬಂದಳು ಎದೆಲ್ಮಿರಾ,
ಗುಡ್ಡದ ಬಸ್ಸಿಳಿದು, ಬೆನ್ನು ಕೊಕ್ಕೆಯಾಗಿ,
ಗದ್ದ ನನ್ನ ಸೊಂಟಪಟ್ಟಿಗಿಂತ ಒಂದು ಗೇಣು ಮೇಲೆ.
ಸೈನಿಕರು ಕರೆದೊಯ್ದ ಗಂಡನ ಅಂಗಿ ಕತ್ತರಿಸಿ
ಇಗರ್ಜಿಯ ನೆಲಮಾಳಿಗೆಯಲ್ಲಿ ಆಕೆ ಹೊಲಿದ ಬೀದಿ, ಬಾಗಿಲು, ಜೀಪು
ಈಗ ಗಾಜಿನ ಹಿಂದೆ.

‘ನನ್ನದು ಯಾವುದು?’
‘ಇದೇ ಅಮ್ಮ.’
‘ನನಗೆ ದೀಪ ಕಾಣುತ್ತಿದೆ.’

ಕುರ್ಚಿ ತರಲೇ ಅಂದ ಯಾರೋ ಹುಡುಗ.
‘ಕೂತು ಹೊಲಿದದ್ದು ಸಾಕು. ನಿಂತು ನೋಡುತ್ತೇನೆ.’

ರಯೆನ್ ಮಾತಾಡಲಿಲ್ಲ. ನನ್ನ ಜೇಬಿಂದ ಟೇಪು ಎಳೆದು
ನೆಲದಿಂದ ಮುದುಕಿಯ ಕಣ್ಣಿಗೆ ಹಿಡಿದಳು:
ನೂರಹದಿನೆಂಟು.
ಆಮೇಲೆ ಗೋಡೆಗಳನ್ನೆಲ್ಲ ಒಮ್ಮೆ ನೋಡಿ,
‘ತಗ್ಗಿಸು. ಎಲ್ಲವನ್ನೂ.’

ಮೂವತ್ತೊಂದು ಚಿತ್ರ, ಅರವತ್ತೆರಡು ಮೊಳೆ, ಒಂದು ರಾತ್ರಿ.
ಅವಳ ವಂಶಕ್ಕೆಲ್ಲ ಶಾಪ ಹಾಕುತ್ತ ಹೊಡೆದೆ.
ಹಳೇ ತೂತು ಮುಚ್ಚಲು ಹೊತ್ತಿರಲಿಲ್ಲ;
ಪತ್ರಿಕೆಯವನು ಆಮೇಲೆ ಬರೆದ,
ಆ ತೂತುಗಳು ಗೈರುಹಾಜರಿಯ ರೂಪಕವೆಂದು.
ಆಗಲಿ, ರೂಪಕಕ್ಕೆ ಗಾರೆಯ ಖರ್ಚಿಲ್ಲ.

ಮರುದಿನ ಬಂದರು.
ಆರಡಿಯ ಉಪಸಚಿವರು ಬಗ್ಗಿದರು, ಪದಕದ ನಾಕು ಜನ ಬಗ್ಗಿದರು,
ಬಿಷಪ್ಪರು ಮೊಣಕಾಲಿಗೆ ಕೈಕೊಟ್ಟು ಬಗ್ಗಿದಾಗ
ಎದೆಯ ಶಿಲುಬೆ ಗಾಜಿಗೆ ತಾಗಿ ಟಿಣ್ ಅಂತು.
ನೋಡಬೇಕಾದರೆ ತಲೆ ತಗ್ಗಬೇಕು,
ತಗ್ಗಿದ ತಲೆಗೆ ತಾನೇಕೆ ತಗ್ಗಿದೆನೆಂದು ಯಾರೂ ಹೇಳಲಿಲ್ಲ.
ಬಂದರಿನ ಹಮಾಲನೊಬ್ಬ ನಡು ಹಿಡಿದು
ನೆಲದಲ್ಲೇ ಕೂತುಬಿಟ್ಟ. ಅವನ ಪಕ್ಕ ಇಬ್ಬರು. ಆಮೇಲೆ ಎಷ್ಟೋ ಜನ.

ಎದೆಲ್ಮಿರಾ ಮಾತ್ರ
ಯಾವುದಕ್ಕೂ ಬಗ್ಗದೆ ಸಾಲು ದಾಟಿ
ತನ್ನದರ ಮುಂದೆ ನಿಂತಳು, ತುಂಬಾ ಹೊತ್ತು.
ನಾವು ಉಸಿರು ಹಿಡಿದೆವು.

‘ಈ ಗುಂಡಿ ಉಲ್ಟಾ ಹೊಲಿದಿದ್ದೀನಿ.
ಆವತ್ತು ಕರೆಂಟಿರಲಿಲ್ಲ.’

ಅಷ್ಟೇ. ತಿರುಗಿದಳು, ಬಾಯಾರಿತ್ತೇನೋ,
ಎದುರಿಗಿದ್ದ ಲೋಟ ಎತ್ತಿ ಗಟಗಟ ಕುಡಿದು
ಇದ್ದ ಜಾಗದಲ್ಲೇ ಇಟ್ಟಳು.

ಬೆಳಿಗ್ಗೆ ಎಂದಿನಂತೆ ನಲ್ಲಿಯಿಂದ ತುಂಬಿದೆ.
ಅಂಚಿನಲ್ಲಿ ತುಟಿಯ ಗುರುತು.
ಒರೆಸಲಿಲ್ಲ.