ಇಳಿತದ ಹೊತ್ತಿನ ಓದು

ನೀರು ಹೋಗಿದೆ. ಫ್ಯಾವರ್ಶಮ್ಮಿನ ಕಾಲುವೆ ಈಗ
ಒಲೆಯಿಂದ ಇಳಿಸಿ ಮರೆತ ರಾಗಿ ಅಂಬಲಿ,
ಮೇಲೆ ಕೆನೆಗಟ್ಟಿದ ಕೆಸರು.
ದೋಣಿಗಳೆಲ್ಲ ಮಗ್ಗುಲಾಗಿ ಮಲಗಿವೆ,
ಊಟ ಮುಗಿಸಿದ ಮದುವೆ ಮನೆಯ ನೆಂಟರ ಹಾಗೆ.

ಇನ್ನು ಐದಾರು ಗಂಟೆ ಯಾರೂ ಎಲ್ಲಿಗೂ ಹೋಗುವಂತಿಲ್ಲ.
ಆದ್ದರಿಂದ ವಿಲ್ಫ್ ಆಟ್‌ವಾಟರನ ತಗಡಿನ ಶೆಡ್ಡು,
ಸೀಮೆಎಣ್ಣೆ ಸ್ಟೋವಿನ ಮೇಲೆ ಚಹಾ,
ಡಾಂಬರಿನ ವಾಸನೆಯ ಬಿಸ್ಕತ್ತು,
ಮತ್ತೆ ಅದೇ ಜಗಳ:
ಎಲ್ಲಕ್ಕಿಂತ ಹೆಚ್ಚು ಸೋರಿದ್ದು ಯಾರ ದೋಣಿ?

"ನನ್ನ ಪ್ಯಾನ್ಸಿ ಸೋರುತ್ತಲೇ ಇರಲಿಲ್ಲ," ಎನ್ನುತ್ತಾಳೆ ಮೊರೀನ್ ಹಾಗ್‌ಬೆನ್,
"ಒಳಗೆ ಬಂದ ನೀರು ಹೊರಗೆ ಹೋಗದಂತೆ
ಭದ್ರವಾಗಿ ಹಿಡಿದಿಟ್ಟುಕೊಳ್ಳುತ್ತಿತ್ತು, ಅಷ್ಟೆ."
ಎಂಬತ್ತರ ಹತ್ತಿರದ ಮೊರೀನ್
ಇಬ್ಬರು ಗಂಡಂದಿರ ಹೆಸರು ಅದಲುಬದಲು ಮಾಡಿದರೂ
ಆ ದೋಣಿಯ ಪಕ್ಕೆಲುಬುಗಳನ್ನು
ಒಂದೊಂದಾಗಿ ಹೇಳುತ್ತಾಳೆ, ಎಡಗಡೆಯವು ಮೊದಲು.

ಕ್ಲೈವ್ ಸ್ಲಾಡೆನ್ನನ ಬಳಿ ಒಂದು ಪುಸ್ತಕವಿದೆ:
ಮೂವತ್ತು ಶನಿವಾರಗಳಲ್ಲಿ ಮನೆಯಂಗಳದಲ್ಲೇ ದೋಣಿ ಕಟ್ಟುವ ಬಗೆ.
ಕೊಂಡಾಗ ಅವನಿಗೆ ಮೂವತ್ತು. ಈಗ ಅರವತ್ತೊಂಬತ್ತು.
ಅಂಚಿನಲ್ಲಿ ಹೆಂಡತಿಯ ಪೆನ್ಸಿಲ್: ಯಾವ ವರ್ಷದ ಶನಿವಾರ?
ಇಪ್ಪತ್ತು ಪುಟದಾಚೆ, ಕೆಂಪು ಶಾಯಿಯಲ್ಲಿ:
ನನ್ನ ಇಸ್ತ್ರಿ ಮೇಜು ಎಲ್ಲಿ?
ದೋಣಿಯಲ್ಲೇ ಇದೆ, ಮೂರನೆಯ ಅಡ್ಡಹಲಗೆಯಾಗಿ.
ಕೂತವರಿಗೆ ಗೊತ್ತು,
ಇಂದಿಗೂ ಅದು ಮಡಚಿಕೊಳ್ಳಲು ನೋಡುತ್ತದೆ.

ವಿಲ್ಫನದು ಗಂಟುಗಳ ಪುಸ್ತಕ.
ನೂರಾ ನಲವತ್ತು ಗಂಟು, ಚಿತ್ರ ಸಮೇತ.
ಬೆನ್ನು ಮುರಿದು ಹಾಳೆ ಹಾರತೊಡಗಿದಾಗ
ಅವನು ಹಾಕಿದ್ದು ಮಾತ್ರ ರಬ್ಬರ್ ಬ್ಯಾಂಡು.
ಕೇಳಿದರೆ, "ಓದುವಾಗ ಬಿಚ್ಚಬೇಕಲ್ಲ!"

ನಾನೋ, ಈ ಊರಿನ ಹಲ್ಲಿನ ಡಾಕ್ಟರು.
ಹೊನ್ನಾವರದ ಅಳಿವೆಯ ಬಾಯಲ್ಲಿ ಬೆಳೆದವಳೆಂದು
ನನ್ನನ್ನು ಹುಟ್ಟು ಅಂಬಿಗಿತ್ತಿ ಎಂದೇ ನಂಬಿದ್ದಾರೆ.
ಹಲಗೆ ಸಂದಿಗೆ ಸಣಬು ತುರುಕುವ ಕೆಲಸ ನನ್ನದು:
"ಡಾಕ್, ಇಲ್ಲೊಂದು ಹುಳುಕು ನೋಡು."
ಬಾಯಿ ತೆರೆದೇ ಇರುವ, ಕೊಂಯ್‌ಗುಡದ ರೋಗಿ. ಎಷ್ಟು ಸುಖ!

ನಿಜ ಹೇಳಿದರೆ ನಾನು ಹುಟ್ಟು ಹಿಡಿದವಳೇ ಅಲ್ಲ.
ಗೋಯ್ದಜ್ಜನ ಮಂಜಿ, ನಾನು ಹುಟ್ಟುವ ಮೊದಲೇ,
ಬಿಚ್ಚಿದ ಹಲಗೆಯಾಗಿ, ಆಮೇಲೆ ಕಪಾಟಾಗಿ
ಮನೆ ಸೇರಿತ್ತು. ಅದರೊಳಗೆ ನನ್ನ ಶಾಲೆಯ ಪುಸ್ತಕ.
ಆಷಾಢ ಬಂತೆಂದರೆ ಹಳೆಯ ಚಟ, ನೀರು ಕುಡಿದು ಉಬ್ಬಿ
ಬಾಗಿಲು ಕಚ್ಚಿಕೊಳ್ಳುತ್ತಿತ್ತು.
"ಮಾಸ್ತರೇ, ಪಟ್ಟಿ ಹಡಗಿನಲ್ಲಿದೆ" ಎಂದು
ಎರಡು ಏಟು ತಿಂದದ್ದುಂಟು.

ಇದನ್ನು ಹೇಳಿದ ದಿನ ಶೆಡ್ಡು ನಕ್ಕದ್ದು ಕಡಿಮೆ,
ಅಳತೆ ಕೇಳಿದ್ದು ಹೆಚ್ಚು.
ಎಷ್ಟು ಅಡಿ? ಯಾವ ಮರ? ಮೊಳೆ ತಾಮ್ರದ್ದೋ?
ಕಪಾಟಿನ ಬೆಲೆ ಕೇಳಿದವನು ಕ್ಲೈವ್.

ಮಗುಚಿಟ್ಟ ದೋಣಿಯ ತಳದ ಮೇಲೆ
ಸೀಮೆಸುಣ್ಣದಲ್ಲಿ ನಮ್ಮ ಅಕ್ಷರ ಬರೆದು ತೋರಿಸಿದೆ.
ಪುಟ. ಇದು ಪುಸ್ತಕದ್ದು.
ಬೆರಳಿನಿಂದ ಕೊಂಬು ಒರೆಸಿದೆ.
ಪಟ. ಇದು ದೋಣಿಯದು, ಗಾಳಿ ಹಿಡಿಯುವುದು.
ಕ್ಲೈವ್ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ:
"ಇಷ್ಟು ಒರೆಸಿದ್ದರೆ ಸಾಕಿತ್ತೇ?
ಮೂವತ್ತೊಂಬತ್ತು ವರ್ಷದಿಂದ ಉಪ್ಪುಕಾಗದ ಉಜ್ಜುತ್ತಿದ್ದೇನಲ್ಲ!"

ಎಲ್ಲರೂ ಪೂರ್ತಿ ಓದಿದ ಪುಸ್ತಕ ಇಲ್ಲಿ ಒಂದೇ,
ಮೊಳೆಗೆ ತೂಗುಹಾಕಿದ ಉಬ್ಬರ ಇಳಿತದ ಪಂಚಾಂಗ.
ಕಥೆ ಗೊತ್ತಿದ್ದದ್ದೇ. ಬರುತ್ತದೆ, ಹೋಗುತ್ತದೆ.
ಆದರೂ ಮುಖ್ಯ ಘಟ್ಟದಲ್ಲಿ ನಾವೇ ಇರುವುದಿಲ್ಲ.

ಇವತ್ತೂ ಹಾಗೆ. ಲೋಟ ತೊಳೆಯಲೆದ್ದ ಮೊರೀನ್
ಕಿಟಕಿಯಲ್ಲಿ ಇಣುಕಿ ಅಯ್ಯೋ ಅಂದಳು.
ನೀರು ಬಂದು, ದೋಣಿಗಳನ್ನೆಲ್ಲ ಎಬ್ಬಿಸಿ ಕೂರಿಸಿ,
ನಮಗಾಗಿ ತುಸು ಕಾದು,
ಮತ್ತೆ ಹೊರಟಿತ್ತು.
ವಿಲ್ಫ್ ಸ್ಟೋವಿಗೆ ಪಂಪು ಹೊಡೆದ.
"ಎಲ್ಲಿದ್ದೆವು? ಹಾಂ, ಸೋರುವ ವಿಷಯ."