ಮುದ್ದು ಎಂದರೆ ಒಂದು ಎಲೆ ದಂಡ

ಬುಧವಾರ ಸಂಜೆ ಅಂಗಡಿಯ ಬಾಗಿಲೆಳೆದು
ಎಷ್ಟು ಸೋಪು ಹಚ್ಚಿದರೂ ಹೋಗದ ಕೊಬ್ಬಿನ ವಾಸನೆ ಹೊತ್ತು
ಹ್ಯಾವರ್‌ಫರ್ಡ್‌ವೆಸ್ಟಿನ ಚಾಪೆಲ್ಲಿನ ಹಿಂಬದಿ ಕೋಣೆಗೆ ಹೋಗುತ್ತೇನೆ.
ಹೆಲೆಡ್ ಪ್ರಾಸರ್ ಆಗಲೇ ಎಲೆ ಕಲಸುತ್ತಿರುತ್ತಾಳೆ.

ಇಸ್ಪೀಟಲ್ಲ. ರಾಜನಿಲ್ಲ, ರಾಣಿಯಿಲ್ಲ, ಗುಲಾಮನೂ ಇಲ್ಲ.
ಕಾರ್ನ್‌ಫ್ಲೇಕ್ಸ್ ಡಬ್ಬಿಯ ರಟ್ಟು ಕತ್ತರಿಸಿ
ಅವಳೇ ಬರೆದ ಅರವತ್ತು ಸೀಲಿಹ್ಯಾಮ್ ನಾಯಿಗಳು.
ಗಿಡ್ಡ ಕಾಲು, ಬಿಳಿ ಗಡ್ಡ,
ಪ್ರಾರ್ಥನೆಗೆ ತಡವಾಗಿ ಬಂದ ಹಿರಿಯರ ಮುಖ.
ಒಂದಕ್ಕೆ ಕಣ್ಣು ತುಸು ಪೇಲವ, ಒಂದಕ್ಕೆ ಬೆನ್ನು ತಗ್ಗು,
ಒಂದರ ಹಿಂಗಾಲು ಹಸುವಿನದರಂತೆ ಒಳಗೆ ತಿರುಗಿದ್ದು.
ಬಾಲ ಡೊಂಕಾದರೆ ಅದಕ್ಕೂ ಇಲ್ಲಿ ಲೆಕ್ಕವಿದೆ,
ಗಾದೆ ಹೇಳಿ ಕೈತೊಳೆದುಕೊಳ್ಳುವಂತಿಲ್ಲ.

ಮೇಜಿನ ನಡುವೆ ಒಂದು ಖಾಲಿ ಎಲೆ.
"ಅದು ಯಾರು?" ಅಂದೆ ಮೊದಲ ದಿನ.
"ಅದೇ ನಾಯಿ," ಅಂದಳು. "ಪುಸ್ತಕದಲ್ಲಿ ಬರೆದಿಟ್ಟದ್ದು.
ಇನ್ನೂ ಹುಟ್ಟಿಲ್ಲ. ಹುಟ್ಟುವುದೂ ಇಲ್ಲ.
ಕೈಯಲ್ಲಿರುವ ನಾಲ್ಕನ್ನೂ ಅದರ ಪಕ್ಕ ನಿಲ್ಲಿಸು,
ಒಂದರ ಪಕ್ಕ ಇನ್ನೊಂದನ್ನಲ್ಲ."

ಮೊಟ್ಟೆ ಬೇಯಿಸುವ ಮರಳುಗಡಿಯಾರ ತಿರುವುತ್ತಾಳೆ.
ಮರಳು ಇಳಿಯುವುದರೊಳಗೆ
ಒಂದರಿಂದ ನಾಲ್ಕರವರೆಗೆ ಸಾಲು ಹಚ್ಚಬೇಕು,
ಕಾರಣ ಬಾಯಿಬಿಟ್ಟು ಹೇಳಬೇಕು.
ಭುಜದ ವಿಷಯ ನನಗೆ ಬಿಡಿ.
ಮೂವತ್ತೊಂದು ವರ್ಷ ಕುರಿಯ ಭುಜ ಬಿಡಿಸಿದವನು,
ಎಲುಬು ಎಲ್ಲಿ ಒರಗಿದೆಯೆಂದು
ಕಣ್ಮುಚ್ಚಿ ಹೇಳಬಲ್ಲೆ. "ಇಡ್ವಾಲ್,
ನಡೆಯುವ ಭುಜ ನೋಡಪ್ಪಾ, ನೇತುಹಾಕಿದ್ದನ್ನಲ್ಲ."
ಹೀಗೆ ಬೈಸಿಕೊಂಡದ್ದು ಎಷ್ಟು ಸಲವೋ.

'ನನಗಿಷ್ಟ' ಕಾರಣವಲ್ಲ.
'ಮುದ್ದು' ಅಂದರೆ ಒಂದು ಎಲೆ ದಂಡ.
ಮ್ಯಾಕ್ಸನ್, ಒಂಬತ್ತು ವರ್ಷ, ಅಂಚೆಯ ಕಾಟ್ರಿನ್ ಮೊಮ್ಮಗ,
ಪ್ರತಿ ವಾರ ದಿವಾಳಿ.
ಹಲ್ಲು ಸೊಟ್ಟಗಿದ್ದದ್ದು ಮುದ್ದು, ಕಿವಿ ಹರಿದದ್ದು ಮುದ್ದು.
ಖಾಲಿ ಎಲೆಯನ್ನೂ ಎತ್ತಿ ಹಿಂದೆ ಮುಂದೆ ನೋಡಿ
"ಪಾಪ, ಇದೊಂದೇ ಮುದ್ದಾಗಿಲ್ಲ" ಅಂದ.
ಅದಕ್ಕೂ ದಂಡ ಹಾಕಬೇಕೇ ಎಂದು
ನಾವು ಚಹಾ ಆರುವಷ್ಟು ಹೊತ್ತು ಜಗಳವಾಡಿದೆವು.

ಕಳೆದ ವಾರ ಹೆಲೆಡ್ ಕೈಗೆ ಹದಿನೇಳನೆಯದು ಬಂತು.
ಬರೆದವಳಿಗೆ ಗೊತ್ತು. ಗೊತ್ತಿದ್ದ ಇನ್ನೊಬ್ಬ ನಾನು,
ಹನ್ನೆರಡು ವರ್ಷ ಶನಿವಾರ ಶನಿವಾರ
ಮೂಳೆ ಕಟ್ಟಿಕೊಟ್ಟಿದ್ದೆನಲ್ಲ ಅದಕ್ಕೆ.
ಎಡಗಿವಿಯ ತುದಿಯಲ್ಲಿ ಅದೇ ಜೇನುಬಣ್ಣದ ಮಚ್ಚೆ.
ಮಾರ್ಚ್‌ನಿಂದೀಚೆಗೆ ಅದರ ಹಗ್ಗ
ಅವಳ ಕೋಟಿನ ಜೇಬಿನಲ್ಲೇ ಇದೆ.

ಮರಳು ಇಳಿಯಿತು. ಕನ್ನಡಕ ಸರಿಪಡಿಸಿಕೊಂಡಳು.
"ನಾಲ್ಕನೆಯದು ಇದು. ಭುಜ ನೆಟ್ಟಗೆ, ಮುಂಗಾಲಿನ ಹೆಜ್ಜೆ ಚಿಕ್ಕದು.
ಕೆಳಗೆ ಒಂದು ಹಲ್ಲಿಲ್ಲ. ಎದೆ ಸಾಲದು."
ದನಿ ಎಲ್ಲೂ ತಡವರಿಸಲಿಲ್ಲ.
ನಾನು ತಲೆಯಾಡಿಸಿದೆ. ಭುಜ ನಿಜಕ್ಕೂ ನೆಟ್ಟಗಿತ್ತು.

ಆಮೇಲೆ, ಯಾರೂ ಏನೂ ಕೇಳದೆ,
ತನ್ನ ಕೈಯಿಂದ ಒಂದು ಒಳ್ಳೆಯ ಎಲೆ, ಮೊದಲ ಸ್ಥಾನದ್ದು,
ತೆಗೆದು ದಂಡದ ಗುಡ್ಡೆಗೆ ಹಾಕಿದಳು.

"ನೀನು ಏನೂ ಅನ್ನಲಿಲ್ಲವಲ್ಲ" ಅಂದ ಮ್ಯಾಕ್ಸನ್.
ಕಾಟ್ರಿನ್ ಅವನ ಮೊಣಕಾಲು ಒತ್ತಿದಳು.
ಹೆಲೆಡ್ ಮರಳುಗಡಿಯಾರ ತಿರುವಿದಳು.
"ನಿನ್ನ ಸರದಿ, ಇಡ್ವಾಲ್."