ನಾಲ್ಕು ಅಂಗೈ

ಬೊವೆಟ್ಸ್ ಊರು ಮುಗಿಯುವಲ್ಲಿ ನನ್ನ ಅಂಗಡಿ.
ಏಪ್ರಿಲ್ ಬಂತೆಂದರೆ ಚಳಿಗಾಲದ ಟೈರು ಕಳಚುವವರ ಸಾಲು:
ಹಾಲಿನ ವ್ಯಾನು, ಅಂಚೆಯ ವ್ಯಾನು, ಪಾದ್ರಿಯ ಕಾರು.
ನಡುವೆ ನುಗ್ಗಿತು ಸೊಂಟದೆತ್ತರವೂ ಇಲ್ಲದ ಈ ಕೆಂಪು ಕಾರು.
ಒಳಗಿನಿಂದ ಎದ್ದು ಬರಲು ಡಾಕ್ಟರ್ ತ್ಸಿರಿಲ್ ಕ್ರವಾನ್ಯರಿಗೆ
ಬಾಗಿಲ ಚೌಕಟ್ಟು, ನನ್ನ ಭುಜ, ಒಂದು ಬೈಗುಳ
ಮೂರೂ ಬೇಕಾದವು.

ನನ್ನ ಅರ್ಧ ಬಾಯಿ ಅವರದೇ ಕೈಕೆಲಸ.
ಮೂವತ್ತೆಂಟು ವರ್ಷ ಈ ಕಣಿವೆಯ ಹಲ್ಲು ಕಿತ್ತು
ನಿವೃತ್ತಿಯ ಮರುವಾರ ಕೊಂಡ ಕಾರು, ಯಾರೋ ಓಡಿಸಿ ಬಿಟ್ಟದ್ದು.
ಹಲ್ಲಿದ್ದಾಗ ಕಡಲೆಯಿಲ್ಲ ಅನ್ನುವ ಮಾತು
ಹಲ್ಲಿನ ಡಾಕ್ಟರ ಮುಂದೆ ಆಡುವುದು ಹೇಗೆ,
ನುಂಗಿಕೊಂಡೆ.

"ನೋಡು ಮಿಲೋಯ್ಕಾ," ಟೈರಿನ ಸಂದಿಗೆ ಬೆರಳು ತೂರಿಸಿದರು,
"ಇನ್ನೂ ಆರು ಮಿಲಿಮೀಟರ್ ಹಲ್ಲಿದೆ.
ಬದಲಿಸಿ ಅಂದವನಿಗೆ ವ್ಯಾಪಾರ ಬೇಕು, ಅಷ್ಟೇ."

ಟಾರ್ಚ್ ಹಚ್ಚಿ ಕುಕ್ಕರಗಾಲಲ್ಲಿ ಕೂತೆ.
ಟೈರಿನ ಪಕ್ಕೆಯಲ್ಲಿ ಅಕ್ಕಿಕಾಳಿನಷ್ಟು ಅಂಕಿ ನಾಲ್ಕು:
ಇಪ್ಪತ್ತಮೂರು, ಹನ್ನೊಂದು.
ಹನ್ನೊಂದನೇ ಇಸವಿಯ ಇಪ್ಪತ್ತಮೂರನೇ ವಾರ ಹುಟ್ಟಿದ ರಬ್ಬರು.
ಆ ವಾರ ನನ್ನ ಮಗಳು ಅಂಬೆಗಾಲಿಡುತ್ತಿದ್ದಳು.
ಈಗ ಅಂಗಡಿಯ ಹಿಂದೆ ಸಿಗರೇಟು ಬಚ್ಚಿಡುತ್ತಾಳೆ.

ಉಗುರು ಒತ್ತಿದೆ. ಇಳಿಯಲಿಲ್ಲ.
ಅಂಚಿನ ಸುತ್ತಲೂ ಕೂದಲೆಳೆಯಂಥ ಬಿರುಕು.
"ಹಲ್ಲು ಚೆನ್ನಾಗಿದೆ ಡಾಕ್ಟರೇ. ಒಸಡು ಹೋಗಿದೆ."

ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು.
ಎಷ್ಟು ಜನಕ್ಕೆ ಹೇಳಿರಬೇಕು ಈ ಮಾತು,
ಹೇಳಿಸಿಕೊಂಡದ್ದು ಮೊದಲ ಸಲವೋ ಏನೋ.

ಆಮೇಲೆ ಕ್ಯಾಟಲಾಗು.
ಒಂದು ಮೆತ್ತನೆಯದು. ಬಿಸಿಯೇರಿದರೆ ಬೆಲ್ಲದ ಪಾಕದ ಹಾಗೆ
ರಸ್ತೆಗೆ ಅಂಟುತ್ತೆ, ಎರಡು ಬೇಸಿಗೆಗೆ ಮುಗಿದುಹೋಗುತ್ತೆ,
ತಣ್ಣಗಿದ್ದಾಗ ನೆನೆದ ಕಲ್ಲಿನ ಮೇಲೆ ಬರೀ ಸಾಬೂನು.
ಇನ್ನೊಂದು ಗಟ್ಟಿ. ಐವತ್ತು ಸಾವಿರ ಕಿಲೋಮೀಟರ್ ಬಾಳುತ್ತೆ,
ಬಾಳುವುದು ಬಿಟ್ಟರೆ ಅದಕ್ಕೆ ಬೇರೆ ಕಸುಬು ಗೊತ್ತಿಲ್ಲ.
ಮಳೆಯಲ್ಲೂ ಹಿಡಿಯುವುದು ಮೂರನೆಯದು, ಬೆಲೆ ಕೇಳಬೇಡಿ.
ಮುಂದಿನ ಗಾಲಿ ಕಿರಿದು, ಹಿಂದಿನದು ಅಗಲ,
ಹಿಂದುಮುಂದು ಮಾಡಿ ಸವೆತ ಹಂಚುವ ಉಪಾಯ
ಈ ಕಾರಿಗಿಲ್ಲ.

"ಎಷ್ಟು ವರ್ಷ ಬರಬೇಕು ನಿಮಗೆ?"
ಎಲ್ಲರಿಗೂ ಕೇಳುವ ಪ್ರಶ್ನೆ. ಬಾಯಿ ಜಾರಿದ ಮೇಲೆ ತಿಳಿಯಿತು.
ಗಾಳಿ ತುಂಬುವ ಯಂತ್ರ ತಾನಾಗಿ ಗುರುಗುಟ್ಟಿ ನಿಂತಿತು.

"ವಾರಕ್ಕೊಮ್ಮೆ ವರ್ಶಿಚ್ ಘಟ್ಟ ಹತ್ತುತ್ತೇನೆ. ಐವತ್ತು ತಿರುವು.
ಆಚೆ ಬದಿಯ ತಿರುವಿಗೆಲ್ಲ ಕಲ್ಲುಹಾಸು."
"ಆಚೆ ಯಾರಿದ್ದಾರೆ?"
"ಯಾರೂ ಇಲ್ಲ. ಒಂದು ಕಾಫಿ. ವಾಪಸ್ಸು."
ಸ್ವಲ್ಪ ಹೊತ್ತಿಗೆ, "ಒಟ್ಟು ಎಷ್ಟು ರಬ್ಬರು ನೆಲ ಮುಟ್ಟಿರುತ್ತೆ?"

ಗ್ರೀಸ್ ಹತ್ತಿದ ಅಂಗೈ ಮೇಜಿನ ಮೇಲಿಟ್ಟೆ. ಗಾಲಿಗೆ ಇಷ್ಟೇ.
ಪಕ್ಕದಲ್ಲಿ ಅವರೂ ಇಟ್ಟರು ತಮ್ಮದನ್ನು,
ಸಾವಿರ ಬಾಯೊಳಗೆ ಅಲುಗದೆ ನಿಂತ ಕೈ.
ಒಂಚೂರು ನಡುಗುತ್ತಿತ್ತು.
ನಾನು ಕ್ಯಾಟಲಾಗಿನ ಹಾಳೆ ಮಗುಚಿದೆ.

"ಎರಡು ಬೇಸಿಗೆ ಅಂದೆಯಲ್ಲ, ಆ ಮೆತ್ತನೆಯದು,"
ಎಂದವರು ಅಲ್ಲೇ ನಿಂತು, ನಕ್ಕು, "ಮಳೆಯದು ಹಾಕು" ಅಂದರು.
"ದುಬಾರಿ."
"ನಿನ್ನ ದವಡೆ ಹಲ್ಲಿಗೆ ನಾನೆಷ್ಟು ಕಿತ್ತೆ, ನೆನಪಿದೆಯಾ?"

ಬುಧವಾರ ನಾಲ್ಕೂ ಕೂರಿಸಿ ಕೀಲಿ ಕೊಟ್ಟೆ.
ಹೊಸ ರಬ್ಬರಿನ ಮೇಲೆ ಅಚ್ಚಿನ ಜಿಡ್ಡಿರುತ್ತೆ,
ಮೊದಲ ನೂರೈವತ್ತು ಕಿಲೋಮೀಟರ್ ನಿಧಾನ, ಎಂದೆ.
"ಎರಡು ಗಂಟೆ ಏನೂ ಅಗಿಯಬೇಡಿ ಅಂತ ನಾನೂ ಹೇಳ್ತಿದ್ದೆ,
ಒಬ್ಬರೂ ಕೇಳಲಿಲ್ಲ."

ಸೇತುವೆ ದಾಟಿದ್ದೇ ಗೇರು ಇಳಿಸಿ ಎಂಜಿನ್ನು ಕೂಗಿಸಿದ ಸದ್ದು.
ಕೇಳಲಿಲ್ಲ ಅವರೂ.

ಹಳೆಯ ನಾಲ್ಕನ್ನು ಹಿಂದಕ್ಕೆ ಉರುಳಿಸಿಕೊಂಡು ಹೋದೆ.
ಮಗಳು ಏನನ್ನೋ ಬೆನ್ನ ಹಿಂದೆ ಸರಿಸಿ
ಒಂದರ ಮೇಲೆ ಕೂತಳು.
"ಅಮ್ಮಾ, ಇದು ಚೆನ್ನಾಗೇ ಇದೆಯಲ್ಲ."
ಆರು ಮಿಲಿಮೀಟರ್, ಎಂದೆ.